ಗ್ರಾಮ ಪಂಚಾಯಿತಿ ಸರ್ಕಾರಿ ಇಲಾಖೆಯೇ? ಕಂದಾಯ ಕಟ್ಟಿಸಿಕೊಂಡ ಮನೆಗೆ ಪಂಚಾಯಿತಿಯೇ ಹಕ್ಕುಪತ್ರ ಕೊಡಬಹುದೇ?

ಇಲಾಖೆ ಅಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದೊಂದು ನಿಗಮಿತ ಸಂಸ್ಥೆ. ತನ್ನದೇ ಮೊಹರು ಇರುತ್ತದೆ, ಆಸ್ತಿ ಹೊಂದಬಹುದು, ಕರಾರು ಮಾಡಿಕೊಳ್ಳಬಹುದು, ಕೋರ್ಟಿಗೆ ಹೋಗಬಹುದು. ಅದರ ಮೇಲೂ ಕೇಸು ಹಾಕಬಹುದು. ಐದು ವರ್ಷಕ್ಕೊಮ್ಮೆ ಸದಸ್ಯರು ಬದಲಾದರೂ ಸಂಸ್ಥೆ ಹಾಗೇ ಇರುತ್ತದೆ. ಕುಡಿಯುವ ನೀರು, ಬೀದಿದೀಪ, ಮನೆ ಕಂದಾಯ, ಕಟ್ಟಡ ಪರವಾನಗಿ ಅದರ ಕೈಯಲ್ಲಿವೆ.

ಹಕ್ಕುಪತ್ರ ಕೊಡುವುದು ಅದರ ಕೈಯಲ್ಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ‘ಪಂಚಾಯ್ತಿಯವ್ರೇ ದುಡ್ಡು ತಗಂಡಿದಾರಲ್ಲ’ ಅಂತ ರಸೀದಿ ತೋರಿಸುವವರು ಬಹಳ. ಕಂದಾಯ ಕಟ್ಟಿದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ. ಜಾಗ ಕಂದಾಯ ಇಲಾಖೆಯದಾದರೆ 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ, ಭೂ ಕಂದಾಯ ಕಾಯ್ದೆಯ ಕಲಂ) ಅಡಿ ತಹಶೀಲ್ದಾರರ ಹತ್ತಿರ ಹೋಗಬೇಕು.

ಅರಣ್ಯವಾದರೆ 2006ರ ಅರಣ್ಯ ಹಕ್ಕು ಕಾಯ್ದೆ ನೋಡಬೇಕು. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲಿಸುತ್ತದೆ, ಗ್ರಾಮಸಭೆ ನಿರ್ಣಯ ಮಾಡುತ್ತದೆ (ಇದು ಪಂಚಾಯಿತಿ ಸದಸ್ಯರ ಮೀಟಿಂಗ್ ಅಲ್ಲ, ಊರವರೆಲ್ಲರ ಸಭೆ), ಉಪವಿಭಾಗ ಮಟ್ಟ ದಾಟಿದ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯದೇ ಕೊನೆಯ ಮಾತು. ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದು ಕಾಡನ್ನು ನೆಚ್ಚಿ ಬದುಕಿದ್ದು ಸಾಬೀತಾಗಬೇಕು. ನಮ್ಮ ಕಡೆಯ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಆದರೆ ಊರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಪುರಾವೆಯೇ, ನಿಯಮದಲ್ಲೇ ಇದೆ. ಕಂದಾಯದ ರಸೀದಿಯೂ ಆ ಪಟ್ಟಿಯಲ್ಲಿದೆ, ಹಾಗಾಗಿ ಹಳೆಯವನ್ನು ಬಿಸಾಡಬೇಡಿ.