ಕಲಬುರಗಿ ಕಡೆ ಆಕಾಶವಾಣಿ ಸುದ್ದಿಯ ಮೇಲೆ ಕೆಲವರಿಗೆ ನಂಬಿಕೆ ಕಡಿಮೆ ಆಗಿದ್ದು ಯಾಕೆ?

ಎಲ್ಲದರ ಮೇಲೂ ನಂಬಿಕೆ ಹೋಗಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದಾಗ ಏನು ಹೊಡೀಬೇಕು ಅಂತ ರೇಡಿಯೋ ಹೇಳಿದರೆ ಅದರಲ್ಲಿ ಪಕ್ಷಪಾತ ಯಾರೂ ಹುಡುಕುವುದಿಲ್ಲ. ಅನುಮಾನ ಬರುವುದು ರಾಜಕೀಯ ಸುದ್ದಿಗೆ.

ಮೂಲ ಇರುವುದು ವ್ಯವಸ್ಥೆಯಲ್ಲೇ. 1990ರ ಪ್ರಸಾರ ಭಾರತಿ ಕಾಯ್ದೆ ಜಾರಿಗೆ ಬಂದಿದ್ದು 1997ರಲ್ಲಿ. ಕಾಯ್ದೆ ಪ್ರಕಾರ ಆಕಾಶವಾಣಿ ನಡೆಸುವ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ. ಆದರೆ ಸಂಬಳದ ದುಡ್ಡು ಇವತ್ತಿಗೂ ಕೇಂದ್ರ ಸರ್ಕಾರದ ಅನುದಾನದಿಂದಲೇ ಬರುತ್ತದೆ. ಯಾವ ಪಕ್ಷ ಗದ್ದುಗೆಯಲ್ಲಿದ್ದರೂ, ಸುದ್ದಿ ಸರ್ಕಾರದ ಪರ ಇರುತ್ತದೆ ಅನ್ನುವ ದೂರು ತಪ್ಪಿದ್ದಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಂತೂ ರೇಡಿಯೋ ಪೂರ್ತಿ ಸರ್ಕಾರದ ದನಿಯೇ ಆಗಿತ್ತು.

ಇನ್ನೊಂದು ಮಾತು ಯಾರೂ ಜಾಸ್ತಿ ಆಡುವುದಿಲ್ಲ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದಲು ಅನುಮತಿಯೇ ಇಲ್ಲ, ಬೇಕಿದ್ದರೆ ಆಕಾಶವಾಣಿ ಸುದ್ದಿಯನ್ನೇ ಹಾಕಬಹುದು. ಹೀಗಾಗಿ ರೇಡಿಯೋದಲ್ಲಿ ಇನ್ನೊಂದು ಮಗ್ಗುಲು ಕೇಳಲು ದಾರಿಯಿಲ್ಲ. ಜನ ಮೊಬೈಲ್ ನೋಡುತ್ತಾರೆ, ಅಲ್ಲಿ ಸುಳ್ಳೂ ಸಿಗುತ್ತದೆ. ನನಗೆ ನಿಜವಾಗಿ ನೋವಾಗುವುದು ಇದಕ್ಕೇ.

ಚುನಾವಣೆ ವೇಳೆ ಮಾನ್ಯತೆ ಪಡೆದ ಪಕ್ಷಗಳಿಗೆಲ್ಲ ಆಕಾಶವಾಣಿಯಲ್ಲಿ ಉಚಿತ ಸಮಯ ಸಿಗುತ್ತದೆ ಅಲ್ವಾ? ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ, ನಮ್ಮ ಭಾಗದ ಅನುದಾನದ ಚರ್ಚೆಗೂ ವರ್ಷವಿಡೀ ಹಾಗೆಯೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಬೇಕು.