ಮಷೀನು ಆಮೇಲೆ, ಮೊದಲು ಕೊಳ್ಳುವವರು ಯಾರು?

ಪ್ರಶ್ನೆ: ನಾವು ಮೂವತ್ತು ಜನ ಸಣ್ಣ ರೈತರು. ಟೊಮೆಟೊ, ಸೊಪ್ಪು ಬೆಳೆಯುತ್ತೇವೆ. ಪೇಟೆ ದೂರ, ದಲ್ಲಾಳಿ ಹೇಳಿದ್ದೇ ರೇಟು. ಎಲ್ಲರೂ ಸೇರಿ ಶೆಡ್ ಹಾಕಿ, ಸಾಲ ಮಾಡಿ ಸಾಸ್ ಮಾಡುವ ಮಷೀನ್ ತರಬೇಕು ಅಂತಿದ್ದೇವೆ. ಸರಿನಾ?

ಉತ್ತರ: ಶೆಡ್ ಸರಿ. ಮಷೀನ್ ಮಾತ್ರ ಈಗಲೇ ಬೇಡ. ಅದು ವರ್ಷಕ್ಕೆ ಎಷ್ಟು ದಿನ ಓಡುತ್ತದೆ, ಲೆಕ್ಕ ಹಾಕಿ ನೋಡಿ. ಎರಡು ತಿಂಗಳು ಓಡಿ ಹತ್ತು ತಿಂಗಳು ಸುಮ್ನೆ ಕೂತರೂ ಸಾಲದ ಕಂತು ಕೂರುವುದಿಲ್ಲ, ಅಲ್ವಾ?

ಮೊದಲು ಬೇಕಾಗಿರುವುದು ನೆರಳು, ಶುದ್ಧ ನೀರು, ತಕ್ಕಡಿ, ಕ್ರೇಟು, ವಿಂಗಡಿಸಲು ಒಂದು ಉದ್ದನೆ ಮೇಜು. ನೋಡೋದಕ್ಕೆ ಏನೂ ಅನಿಸಲ್ಲ, ಆದರೆ ದುಡ್ಡು ಇರುವುದೇ ಇಲ್ಲಿ. ಮೂಟೆಯಲ್ಲಿ ತುಂಬಿದ ಟೊಮೆಟೊದಲ್ಲಿ ತಳದ ಹಣ್ಣು ಒಡೆದು, ರಸ ಸೋರಿ, ಪಕ್ಕದ್ದನ್ನೂ ಕೊಳೆಸುತ್ತದೆ, ಆಮೇಲೆ ಮೂಟೆ ಬಿಚ್ಚಿದವರು ಆ ಕೆಟ್ಟ ಹಣ್ಣು ನೋಡಿಯೇ ಇಡೀ ಮೂಟೆಗೆ ರೇಟು ಕಟ್ಟುತ್ತಾರೆ. ದಪ್ಪ, ಸಣ್ಣ, ಕಾಯಿ, ಹಣ್ಣು ಬೇರೆ ಮಾಡಿ ಕ್ರೇಟಿಗೆ ಹಾಕಿದರೆ ಅದೇ ಬೆಳೆಗೆ ಬೇರೆ ಮಾತು.

ಕೋಲ್ಡ್ ರೂಮ್ ಕಟ್ಟುವುದಾದರೆ ಒಂದು ಎಚ್ಚರ. ಸೊಪ್ಪಿಗೆ ಸೊನ್ನೆ ಡಿಗ್ರಿ ಹತ್ತಿರದ ತಂಪು ಬೇಕು, ಟೊಮೆಟೊಗೆ 12-13 ಡಿಗ್ರಿ ಸಾಕು. ಅದಕ್ಕಿಂತ ತುಂಬಾ ತಣ್ಣಗಿಟ್ಟರೆ ಟೊಮೆಟೊದ ರುಚಿ ಹೋಗುತ್ತದೆ, ಕಾಯಿ ಸರಿಯಾಗಿ ಹಣ್ಣಾಗುವುದೂ ಇಲ್ಲ. ಮೇಲಾಗಿ ಮಾಗುವ ಟೊಮೆಟೊ ಎಥಿಲೀನ್ ಅನಿಲ ಬಿಡುತ್ತದೆ, ಅದಕ್ಕೆ ಸೊಪ್ಪು ಬೇಗ ಹಳದಿ ಆಗುತ್ತದೆ. ಹಾಗಾಗಿ ಒಂದೇ ಕೋಣೆಯಲ್ಲಿ ಎರಡನ್ನೂ ಇಡಬೇಡಿ.

ಜಗಳ ಶುರುವಾಗುವುದು ಹಣ ಹಂಚುವಾಗ. ಪ್ರತಿ ಕ್ರೇಟಿಗೂ ರೈತರ ನಂಬರು, ತಾರೀಖು ಇರುವ ಚೀಟಿ ಅಂಟಿಸಿ. ದರ್ಜೆ ನೋಡಿ, ತೂಕ ನೋಡಿ ದುಡ್ಡು ಕೊಡಿ. ಎಲ್ಲರಿಗೂ ಸರಾಸರಿ ರೇಟು ಕೊಟ್ಟರೆ ಮೊದಲು ಬಿಟ್ಟುಹೋಗುವುದು ಚೆನ್ನಾಗಿ ಬೆಳೆಯುವವರೇ. ಲೆಕ್ಕ ಬರೆಯಲು, ಫೋನ್ ಎತ್ತಲು ಸಂಬಳದ ಒಬ್ಬರು ಇರಲಿ. ಪುಕ್ಕಟೆ ಕೆಲಸ ಎಷ್ಟು ದಿನ ನಡೆದೀತು?

ಇನ್ನು ಸಾಸ್. ಮಾರಾಟಕ್ಕೆ ಹೋಗದ ಹಣ್ಣು ವಾರವಾರ ಎಷ್ಟು ಉಳಿಯುತ್ತದೆ ಅಂತ ಒಂದು ಸೀಸನ್ ಬರೆದಿಡಿ. ಆಮೇಲೆ ಲೈಸೆನ್ಸ್ ಇರುವ ಅಡುಗೆಮನೆಯೊಂದನ್ನು ದಿನದ ಬಾಡಿಗೆಗೆ ಹಿಡಿದು ಸ್ವಲ್ಪ ಮಾಡಿ ನೋಡಿ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದೆಯಾ ಅಂತ ಮೀಟರಿನಲ್ಲೇ ಅಳೆಯಿರಿ, ನಾಲಿಗೆಯ ಹುಳಿ ನಂಬಬೇಡಿ. ಹುಳಿ ಕಡಿಮೆಯಾದರೆ ಮುಚ್ಚಿದ ಬಾಟಲಿಯೊಳಗೆ ಜೀವಕ್ಕೇ ಅಪಾಯ ತರುವ ಬಾಟ್ಯುಲಿಸಂ ವಿಷ ಹುಟ್ಟಬಹುದು. ಅಳತೆ ಸರಿಯಿರುವ ಬಾಟಲಿಗಳನ್ನು ಮಾತ್ರ ಹೋಟೆಲು, ಹಾಸ್ಟೆಲು, ಅಂಗಡಿಯವರಿಗೆ ಕೊಟ್ಟು ಬನ್ನಿ. ಅವರು ಎರಡನೇ ಸಲ ಕೇಳಿದರೆ ಮಷೀನಿನ ಮಾತು ಎತ್ತಿ.