ಒಂದೇ ಚೈನ್‌ರಿಂಗ್‌ನ ಸೈಕ್ಲೋಕ್ರಾಸ್ ಸೈಕಲ್ ರಸ್ತೆ ಸವಾರಿಗೆ ಸಾಕಾಗುತ್ತದೆಯೇ?

ಕೆಸರು, ಹುಲ್ಲಿನ ಹಾದಿಗಳ ಪಂದ್ಯಕ್ಕೆಂದು ಮಾಡಿದ ಈ ಸೈಕಲ್ ರಸ್ತೆಗೂ ಸಾಕಾಗುತ್ತದೆ, ವೇಗದ ಗುಂಪಿನೊಡನೆ ಸವಾರಿ ಮಾಡುವವರಿಗೆ ಮಾತ್ರ ಅದರ ಮಿತಿ ಬೇಗ ತಿಳಿಯುತ್ತದೆ.

ಕಾರಣವಿರುವುದು ಗೇರ್‌ಗಳ ನಡುವಿನ ಅಂತರದಲ್ಲಿ. ಪೆಡಲ್ ಬಳಿಯ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಒಂದೇ ಇರುವಾಗ ಏರಿಗೂ ಇಳಿಜಾರಿಗೂ ಬೇಕಾದ ಎಲ್ಲ ಗೇರ್‌ಗಳನ್ನು ಹಿಂಚಕ್ರದ ಹಲ್ಲುಚಕ್ರಗಳೇ ಒದಗಿಸಬೇಕಾಗುವುದರಿಂದ, ಒಂದರಿಂದ ಇನ್ನೊಂದಕ್ಕೆ ಜಿಗಿತ ದೊಡ್ಡದಾಗುತ್ತದೆ. 13 ಹಲ್ಲಿನಿಂದ 15ಕ್ಕೆ ಬದಲಿಸಿದರೆ, ಅದೇ ವೇಗ ಕಾಯ್ದುಕೊಳ್ಳಲು ಶೇ. 15ರಷ್ಟು ಚುರುಕಾಗಿ ತುಳಿಯಬೇಕು; ಸಮತಟ್ಟಾದ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ಲಯ ಬಯಸುವವರಿಗೆ ಇದು ಕಿರಿಕಿರಿಯೇ ಸರಿ. ಗರಿಷ್ಠ ವೇಗದ ಚಿಂತೆ ಅಷ್ಟು ದೊಡ್ಡದಲ್ಲ: ಮುಂದೆ 40, ಹಿಂದೆ 11 ಹಲ್ಲುಗಳಿದ್ದಾಗ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 42 ಕಿ.ಮೀ. ವೇಗ ಸಿಗುತ್ತದೆ. ಅದಕ್ಕೂ ಮೀರಿದ ವೇಗದಲ್ಲಿ ಇಳಿಯುವಾಗ ತುಳಿಯದೆ ಕುಳಿತರಾಯಿತು.

ನನ್ನ ದೃಷ್ಟಿಯಲ್ಲಿ ಮೊದಲು ಬದಲಿಸಬೇಕಾದದ್ದು ಗೇರ್ ಅಲ್ಲ, ಟೈರು. ಕೆಸರಿಗೆಂದು ಮಾಡಿದ ಉಬ್ಬುಗಳ ಟೈರು ತೆಗೆದು, 28ರಿಂದ 32 ಮಿ.ಮೀ. ಅಗಲದ ನುಣುಪು ಟೈರು ಹಾಕಿದರೆ ಸವಾರಿ ಗಮನಾರ್ಹವಾಗಿ ಹಗುರಾಗುತ್ತದೆ. ಆಮೇಲೂ ಗೇರ್ ಸಾಲದೆನಿಸಿದರೆ 44 ಹಲ್ಲಿನ ಚೈನ್‌ರಿಂಗ್ ಹಾಕಿಸಬಹುದು; ಆದರೆ ಅದು ಫ್ರೇಮಿಗೆ ತಾಗದಷ್ಟು ಜಾಗವಿದೆಯೇ, ಚೈನಿನ ಉದ್ದ ಸಾಕೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.